ಗ್ರ್ಯಾನಿಯ ಮೂರು ಪ್ರಶ್ನೆಗಳು

ಒಲೆಗೆ ಇನ್ನೊಂದು ಕುಂಟೆ ತಳ್ಳು ಮಗಾ, ಹಂಡೆ ನೀರು ಕಾಯುವುದಕ್ಕೆ ಇನ್ನೂ ಹೊತ್ತಿದೆ. ಈಗಷ್ಟೇ ಆಚೆಮನೆ ತಮ್ಮ ಒಂದು ಮಾತು ಹೇಳಿದ: ‘ನಮ್ಮನ್ನ ಹೇಳೋರಿಲ್ಲ ಕೇಳೋರಿಲ್ಲ ಅಣ್ಣಯ್ಯ.’ ಮಳೆಗಾಲದಲ್ಲಿ ಧರೆ ಜರಿದು ಅವನ ಗದ್ದೆ ತುಂಬ ಮಣ್ಣು ಕೂತಿದೆ. ಪರಿಹಾರಕ್ಕೆ ಅರ್ಜಿ ಕೊಟ್ಟು ಆರು ತಿಂಗಳಾಯಿತು. ಅವನ ಮಾತು ಕಿವಿಗೆ ಬಿದ್ದಾಗ ನನಗೆ ಎಡಿನ್‌ಬರೋದ ಗ್ರ್ಯಾನಿ ನೆನಪಾದರು. ಅದನ್ನೇ ಹೇಳುತ್ತೇನೆ, ಕೇಳಿ.

ಮಗಳ ಬಾಣಂತನಕ್ಕೆಂದು ನಾನೂ ನಿಮ್ಮ ಅಜ್ಜಿಯೂ ಸ್ಕಾಟ್ಲೆಂಡಿಗೆ ಹೋಗಿದ್ದೆವಲ್ಲ, 2023ರ ಚಳಿಗಾಲ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಂಟಿ ಹೆಂಗಸು. ಮೊಮ್ಮಗಳು ‘ಗ್ರ್ಯಾನಿ’ ಎನ್ನುತ್ತಿದ್ದಳು, ನಾವೂ ಹಾಗೇ ಕರೆದೆವು. ಪ್ರಾಯದಲ್ಲಿ ಆಕೆ ಆಫ್ರಿಕಾದ ಮಲಾವಿ ದೇಶದಲ್ಲಿ, ಬ್ಲಾಂಟೈರ್ ಎಂಬ ಊರಿನಲ್ಲಿ ನರ್ಸ್ ಆಗಿದ್ದವರು. ಬ್ಲಾಂಟೈರ್ ಎಂಬುದು ಗ್ಲಾಸ್ಗೋ ಹತ್ತಿರದ ಒಂದು ಊರಿನ ಹೆಸರೂ ಹೌದು. ಆಫ್ರಿಕಾ ಸುತ್ತಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ 1813ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ನೆನಪಿಗೆ ಸ್ಕಾಟಿಷ್ ಮಿಷನರಿಗಳು ಮಲಾವಿಯ ಊರಿಗೆ ಅದೇ ಹೆಸರಿಟ್ಟರು. ಅಲ್ಲಿನ ಹೆರಿಗೆ ವಾರ್ಡಿನ ಕಥೆಗಳನ್ನು ಗ್ರ್ಯಾನಿ ನಿಮ್ಮ ಅಜ್ಜಿಗೆ ಹೇಳುವರು. ಭಾಷೆ ಅರ್ಧ, ಕೈಸನ್ನೆ ಅರ್ಧ.

ಫೆಬ್ರವರಿಯ ಒಂದು ಸಂಜೆ ಗ್ರ್ಯಾನಿ ನಮ್ಮ ಬಾಗಿಲು ತಟ್ಟಿದರು. ಮುಖ ಬಿಳಿಚಿಕೊಂಡಿತ್ತು. ಬಸ್ಸಿನ ಕಿಟಕಿ ಪಕ್ಕ ಕೂತು ಬರುತ್ತಿದ್ದಾಗ ಹೊರಗಿನಿಂದ ಯಾರೋ ಹುಡುಗರು ಕಲ್ಲು ಬೀರಿದ್ದರು. ಬಸ್ಸಿನ ಗಾಜು ನಮ್ಮ ಮನೆ ಕಿಟಕಿಯ ಗಾಜಿನಂತೆ ಚೂಪಾಗಿ ಒಡೆಯುವುದಿಲ್ಲ. ಕಲ್ಲುಸಕ್ಕರೆ ಹರಳಿನ ಹಾಗೆ ಪುಡಿಯಾಗಿ ಉದುರುತ್ತದೆ. ಅವರ ಉಣ್ಣೆ ಕೋಟಿನ ಮಡಿಕೆ, ಜೇಬು, ಕೊರಳಪಟ್ಟಿ ಎಲ್ಲೆಲ್ಲೂ ಹರಳು. ನಿಮ್ಮ ಅಜ್ಜಿ ನೆಲಕ್ಕೆ ಪೇಪರು ಹಾಸಿ ಒಂದೊಂದಾಗಿ ಹೆಕ್ಕಿದಳು. ಜೀರಿಗೆ ಕಷಾಯ ಮಾಡಿಕೊಟ್ಟೆವು. ಲೋಟ ಹಿಡಿದ ಕೈ ನಡುಗುತ್ತಲೇ ಇತ್ತು. ಗಾಯವೇನೂ ಆಗಿರಲಿಲ್ಲ. ಆದರೆ ಆಮೇಲೆ ಸಂಜೆ ಹೊತ್ತು ಬಸ್ಸು ಹತ್ತುವುದನ್ನೇ ಅವರು ಬಿಟ್ಟರು. ಚರ್ಚಿನ ಹಾಡಿನ ಅಭ್ಯಾಸ ನಿಂತಿತು, ಗೆಳತಿಯ ಮನೆಗೆ ಹೋಗುವುದು ನಿಂತಿತು.

ಪೊಲೀಸರು ಬಂದು ವಿಚಾರಿಸಿ ಹೋದರು. ಆ ರಾತ್ರಿ ನಾನು ಬೇಸರದಲ್ಲಿ, ‘ಸಿಕ್ಕರೆ ಸರಿಯಾದ ಶಿಕ್ಷೆ ಆಗಬೇಕು’ ಎಂದೆ. ‘ಸರಿಯಾದದ್ದು ಎಂದರೆ ಎಷ್ಟು?’ ಎಂದು ಗ್ರ್ಯಾನಿ ಕೇಳಿದರು. ಮೂವತ್ತು ವರ್ಷ ಕೋರ್ಟಿನಲ್ಲಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಆದರೂ ಬಾಯಿ ಕಟ್ಟಿತು. ಯಾಕೆಂದರೆ ನಾನೇ ಕಂಡದ್ದಿದೆ. ನಮ್ಮ ಐಪಿಸಿಯಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದಿತ್ತು. ದಂಡಕ್ಕೂ ಮೂರು ವರ್ಷಕ್ಕೂ ನಡುವೆ ಎಷ್ಟು ಅಂತರ! ಅಕ್ಕಪಕ್ಕದ ಎರಡು ಹಾಲ್‌ಗಳಲ್ಲಿ, ಹೆಚ್ಚುಕಡಿಮೆ ಒಂದೇ ತೂಕದ ಎರಡು ಕೇಸು. ಒಬ್ಬ ದಂಡ ಕಟ್ಟಿ ಮನೆಗೆ ಹೋದ, ಇನ್ನೊಬ್ಬನನ್ನು ಜೈಲಿನ ವ್ಯಾನು ಒಯ್ದಿತು. ಎರಡನೆಯವನ ತಾಯಿ ನನ್ನ ಮೇಜಿನ ಮುಂದೆ ನಿಂತು, ‘ಅವನಿಗೆ ಅಷ್ಟೇ, ಇವನಿಗೆ ಇಷ್ಟು ಯಾಕೆ ಸ್ವಾಮಿ?’ ಎಂದು ಕೇಳಿದ್ದಳು. ಕಡತ ಕಟ್ಟುವ ಕೈ ನನ್ನದು, ಉತ್ತರ ಕೊಡುವ ಅಧಿಕಾರ ನನ್ನದಲ್ಲ.

ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಕೇಂದ್ರಕ್ಕೆ ವರದಿ ಕೊಟ್ಟು, ಶಿಕ್ಷೆಯ ಪ್ರಮಾಣಕ್ಕೆ ಮಾರ್ಗಸೂಚಿ ಬೇಕು ಎಂದಿತ್ತು. ಇದನ್ನು ಗ್ರ್ಯಾನಿಗೆ ಹೇಳಿದೆ. ತಮ್ಮಲ್ಲಿ 2015ರಿಂದ ಶಿಕ್ಷಾ ಮಂಡಲಿ ಎಂಬುದೊಂದಿದೆ ಎಂದರು. ಶಿಕ್ಷೆಯಲ್ಲಿ ಏಕರೂಪತೆ ತರುವುದು ಅದಕ್ಕೆ ಕಾನೂನು ಒಪ್ಪಿಸಿದ ಕೆಲಸಗಳಲ್ಲಿ ಒಂದು. ಇಪ್ಪತ್ತೈದರೊಳಗಿನವರಿಗೆ ಶಿಕ್ಷೆ ಕೊಡುವಾಗ ಅವರನ್ನು ಸರಿದಾರಿಗೆ ತರುವುದು ಮುಖ್ಯವಾಗಿರಬೇಕು ಎಂಬ ಮಾರ್ಗಸೂಚಿ 2022ರ ಜನವರಿಯಲ್ಲಿ ಜಾರಿಗೆ ಬಂದಿತ್ತು. ಇನ್ನೂ ಎಳೆಯರಾದರೆ ಕೋರ್ಟಿನ ಮೆಟ್ಟಿಲಿನ ಬದಲು ಬಹುಪಾಲು ‘ಚಿಲ್ಡ್ರನ್ಸ್ ಹಿಯರಿಂಗ್’ ಮುಂದೆ ಕೂರಬೇಕು. ತರಬೇತಿ ಪಡೆದ ಮೂವರು ಸಾಮಾನ್ಯ ನಾಗರಿಕರು ಮೇಜಿನ ಸುತ್ತ ಕೂತು, ಹುಡುಗನ ಮನೆಯವರ ಮಾತನ್ನೂ ಕೇಳಿ ತೀರ್ಮಾನಿಸುವ ಪದ್ಧತಿ. ಕೇಳುತ್ತಾ ಕೇಳುತ್ತಾ ನನಗೆ ನಮ್ಮೂರ ಕಟ್ಟೆ ಕಣ್ಣಿಗೆ ಕಟ್ಟಿತು.

ಮಾರ್ಚ್ ಮಧ್ಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಫ್ರೆಡ್ಡಿ ಎಂಬ ಚಂಡಮಾರುತ ಮಲಾವಿಗೆ ಅಪ್ಪಳಿಸಿತು. ಬ್ಲಾಂಟೈರಿನಲ್ಲಿ ರಾತ್ರಿ ಗುಡ್ಡ ಜರಿದು, ಮಣ್ಣು ಬಂಡೆ ನೀರು ಒಟ್ಟಿಗೇ ಮನೆಗಳ ಮೇಲೆ ಇಳಿಯಿತು. ಆ ದೇಶದಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರ ದಾಟಿತು. ಗ್ರ್ಯಾನಿ ಟೀವಿ ಮುಂದೆ ಕೂತು, ‘ಈ ಗುಡ್ಡದ ಬುಡದಲ್ಲೇ ನನ್ನ ಜೊತೆಗಿದ್ದ ನರ್ಸಿನ ಮನೆ’ ಎಂದು ಬೆರಳಿಟ್ಟು ತೋರಿಸಿದರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನಾವು ಟೀವಿ ಮುಂದೆ ಕೂತಿದ್ದೆವಲ್ಲ, ಹಾಗೇ.

ಸ್ಕಾಟ್ಲೆಂಡ್ ಸರ್ಕಾರ 2012ರಲ್ಲೇ ಹವಾಮಾನ ನ್ಯಾಯ ನಿಧಿ ಎಂದು ಒಂದು ಗಂಟು ಕಟ್ಟಿಟ್ಟಿದೆ. ಹೊಗೆ ಬಿಟ್ಟು ಸಿರಿವಂತರಾದವರು ನಾವು, ಮುಳುಗುತ್ತಿರುವವರು ಅವರು, ಆದ್ದರಿಂದ ಇದು ದಾನವಲ್ಲ, ಬಾಕಿ ಎಂಬುದು ಅದರ ಹಿಂದಿನ ಮಾತು. 2021ರಲ್ಲಿ ಗ್ಲಾಸ್ಗೋದಲ್ಲಿ ಜಗತ್ತಿನ ಹವಾಮಾನ ಸಮ್ಮೇಳನ ನಡೆದಾಗ, ಆಗಲೇ ಆಗಿಹೋದ ನಷ್ಟ ಮತ್ತು ಹಾನಿಗೆಂದೇ 20 ಲಕ್ಷ ಪೌಂಡ್ ಕೊಡುವುದಾಗಿ ಹೇಳಿತು. ಮರುವರ್ಷ ಈಜಿಪ್ಟಿನಲ್ಲಿ ಮತ್ತೆ 50 ಲಕ್ಷ ಎಂದಿತು. ಗ್ರ್ಯಾನಿಗೆ ಇದರ ಬಗ್ಗೆ ಅಭಿಮಾನವಿತ್ತು. ಜೊತೆಗೆ ಒಂದು ಕೊರೆತವೂ ಇತ್ತು: ‘ಹೇಳಿದ್ದು ಸರಿ. ಆ ಗುಡ್ಡದ ಬುಡಕ್ಕೆ ಎಷ್ಟು ತಲುಪಿತು?’

ಅಲ್ಲಿನ ಶಾಸಕರು ಕ್ಷೇತ್ರದ ಜನರನ್ನು ಭೇಟಿಯಾಗಲು ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ಕೂರುತ್ತಾರೆ. ಅದಕ್ಕೆ ‘ಸರ್ಜರಿ’ ಎನ್ನುತ್ತಾರೆ. ಡಾಕ್ಟರ ಶಾಪಿಗೂ ಅಲ್ಲಿ ಅದೇ ಹೆಸರು. ಇದನ್ನೆಲ್ಲ ತಮ್ಮ ಶಾಸಕರಿಗೇ ಹೇಳಬೇಕೆಂದು ಗ್ರ್ಯಾನಿ ಹೊರಟ ಒಂದು ಶನಿವಾರ, ಅವರ ತೋಳು ಹಿಡಿದುಕೊಂಡು ನಾನೂ ಹೋದೆ. ಎರಡು ಪುಟ ತುಂಬ ಬರೆದುಕೊಂಡು ಬಂದಿದ್ದರು: ಕಲ್ಲು, ಗಾಜು, ಭಯ, ಮಲಾವಿ, ಗೆಳತಿ, ನಾನು ಹೇಳಿದ ಆ ಇಬ್ಬರು ಕಳ್ಳರ ಕಥೆ, ಎಲ್ಲ. ಶಾಸಕರು ಪೂರ್ತಿ ಓದಿದರು. ನಡುನಡುವೆ ನಿಲ್ಲಿಸಿ, ಯಾವ ಸ್ಟಾಪು, ಎಷ್ಟು ಹೊತ್ತಿಗೆ, ಡ್ರೈವರ್ ಏನು ಮಾಡಿದ ಎಂದು ಕೇಳಿ ಬರೆದುಕೊಂಡರು. ಕೊನೆಗೆ, ‘ಇದರಲ್ಲಿ ಮೂರು ಪ್ರಶ್ನೆಗಳಿವೆ’ ಎಂದರು.

ಎರಡು ಪುಟದ ಸಂಕಟ ನಮ್ಮ ಕಣ್ಣೆದುರೇ ಮೂರು ವಾಕ್ಯವಾಯಿತು. ನಿಧಿಯಿಂದ ಮಲಾವಿಗೆ ಎಷ್ಟು ಹಣ, ಯಾವ ವರ್ಷ, ಯಾರ ಮೂಲಕ ಹೋಯಿತು? ಶಿಕ್ಷೆಯಲ್ಲಿ ಏಕರೂಪತೆ ಬರುತ್ತಿದೆಯೇ ಎಂಬುದನ್ನು ಸರ್ಕಾರ ಹೇಗೆ ಅಳೆಯುತ್ತದೆ? ಬಸ್ಸುಗಳಲ್ಲಿ ನಡೆಯುವ ಪುಂಡಾಟಿಕೆ ತಡೆಯಲು ಏನು ಮಾಡಲಾಗಿದೆ? ನಾನು ಜನ್ಮವಿಡೀ ಅರ್ಜಿಗಳನ್ನು ಕಂಡವನು. ‘ತಾವು ದಯಮಾಡಿ’ ಎಂದು ಶುರುವಾಗಿ ಕಣ್ಣೀರಲ್ಲಿ ಮುಗಿಯುವ ಅರ್ಜಿಗಳು ಹೇಗೆ ಕಡತದಲ್ಲಿ ನಿದ್ದೆ ಹೋಗುತ್ತವೆ ಎಂದೂ ಬಲ್ಲೆ. ಎಷ್ಟು, ಯಾರಿಗೆ, ಯಾವಾಗ ಎಂದು ಕೇಳಿದರೆ ಮಾತ್ರ ಆ ಕಡೆಯವನು ಲೆಕ್ಕದ ಪುಸ್ತಕ ತೆಗೆಯಬೇಕಾಗುತ್ತದೆ.

ಮೂರನ್ನೂ ಶಾಸಕರು ಲಿಖಿತ ಪ್ರಶ್ನೆಯಾಗಿ ಸಲ್ಲಿಸಿದರು. ಅಂಥ ಪ್ರಶ್ನೆಗೆ ಅಲ್ಲಿ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಸದನಕ್ಕೆ ರಜೆಯಿದ್ದರೆ ಇಪ್ಪತ್ತು. ಅಷ್ಟರಲ್ಲಿ, ಪ್ರಶ್ನೆ ಕೇಳುವುದನ್ನು ಕಣ್ಣಾರೆ ನೋಡೋಣ ಎಂದು ಗ್ರ್ಯಾನಿ ಗ್ಯಾಲರಿಗೆ ಪಾಸು ತೆಗೆಸಿದರು. ಮಾರ್ಚ್ 30, ಗುರುವಾರ. ಹಮ್ಜಾ ಯೂಸಫ್ ಫಸ್ಟ್ ಮಿನಿಸ್ಟರ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥ, ಆದ ಮೇಲಿನ ಮೊದಲ ಪ್ರಶ್ನೋತ್ತರ. ರಾಯಲ್ ಮೈಲ್ ಎಂಬ ಹಳೇ ಬೀದಿಯ ತುದಿಯಲ್ಲಿದೆ ಹೋಲಿರೂಡ್ ಸಂಸತ್ತು. ಬೆನ್ನಿಗೆ ಆರ್ಥರ್ಸ್ ಸೀಟ್ ಗುಡ್ಡ. ಒಳಗೆ 129 ಸದಸ್ಯರಿಗೆ ಅರ್ಧಚಂದ್ರದಂತೆ ಆಸನಗಳು, ಮುಂದೆ ಬೆಳ್ಳಿಯ ರಾಜದಂಡ. ಅದರ ಮೇಲೆ ವಿವೇಕ, ಕರುಣೆ, ನ್ಯಾಯ, ಪ್ರಾಮಾಣಿಕತೆ ಎಂಬ ನಾಲ್ಕು ಮಾತು ಕೆತ್ತಿದ್ದಾರೆ ಎಂದು ಗ್ರ್ಯಾನಿ ಹೇಳಿದರು. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ ಎಂದು ನಾನು ಹೇಳಿದೆ.

ಹನ್ನೆರಡು ಹೊಡೆಯಿತು. ಪ್ರಶ್ನೆ ಶುರುವಾದದ್ದೇ ತಡ, ಗ್ಯಾಲರಿಯಿಂದ ಒಬ್ಬರು ಎದ್ದು ಕೂಗಿದರು: ತೈಲ ತೆಗೆಯುವುದನ್ನು ನಿಲ್ಲಿಸಿ! ಕಲಾಪ ನಿಂತಿತು. ಅವರನ್ನು ಹೊರಗೊಯ್ದರು. ಮತ್ತೆ ಶುರು, ಮತ್ತೊಬ್ಬರ ಕೂಗು. ಹೀಗೇ ಮತ್ತೆ ಮತ್ತೆ. ಸಭಾಧ್ಯಕ್ಷೆ ಅಲಿಸನ್ ಜಾನ್‌ಸ್ಟನ್ ತಾಳ್ಮೆಯಿಂದಲೇ ನೋಡಿ, ಕೊನೆಗೆ ಸಾರ್ವಜನಿಕ ಗ್ಯಾಲರಿ ತೆರವು ಮಾಡಿಸಿದರು. ಎಲ್ಲರೊಡನೆ ನಾವೂ ಎದ್ದು ಹೊರಬಂದೆವು.

ಹೊರಗಿನ ಕೊಳದ ಹತ್ತಿರ ಕೂತೆವು. ಗಾಳಿ ಕೊರೆಯುತ್ತಿತ್ತು. ‘ಆ ಮಕ್ಕಳು ಕೂಗಿದ್ದು ನನ್ನದೇ ಸಂಕಟ’ ಎಂದರು ಗ್ರ್ಯಾನಿ. ‘ಮಲಾವಿ ಮುಳುಗಿದ್ದು ನೋಡಿ ನನಗೂ ಹಾಗೇ ಕೂಗಬೇಕು ಅನ್ನಿಸಿತ್ತು. ಆದರೆ ಕೂಗುತ್ತಿರುವಾಗ ಉತ್ತರ ಹೇಗೆ ಕಿವಿಗೆ ಬೀಳುತ್ತದೆ?’ ಆಗ ನಾನು ಹೇಳಿದೆ: ನಮ್ಮ ಕನ್ನಡದಲ್ಲಿ ಪ್ರಶ್ನೆ ಕೇಳುವುದಕ್ಕೂ ಕಿವಿಗೊಟ್ಟು ಕೇಳುವುದಕ್ಕೂ ಒಂದೇ ಮಾತು, ‘ಕೇಳು’. ಗ್ರ್ಯಾನಿ ಅದನ್ನು ಎರಡು ಸಲ ಉಚ್ಚರಿಸಿ ನೋಡಿದರು. ಅವರ ನಾಲಗೆಗೆ ‘ಳ’ ಹೊರಳಲಿಲ್ಲ. ‘ಆ ಶನಿವಾರ ಲೈಬ್ರರಿಯಲ್ಲಿ ಆದದ್ದು ಅದೇ’ ಎಂದರು. ನಿಜ. ಶಾಸಕರು ಮೊದಲು ಕೇಳಿಸಿಕೊಂಡರು, ಆಮೇಲೆ ಸರ್ಕಾರವನ್ನು ಕೇಳಿದರು.

ಏಪ್ರಿಲ್ ಕೊನೆಯಲ್ಲಿ ಉತ್ತರದ ಪ್ರತಿ ಬಂತು. ಮಲಾವಿಯ ಹಣಕ್ಕೆ ವರ್ಷವಾರು ಲೆಕ್ಕವಿತ್ತು. ಗ್ರ್ಯಾನಿ ಕನ್ನಡಕ ಏರಿಸಿ ಒಂದೊಂದು ಸಾಲಿನ ಮೇಲೂ ಪೆನ್ಸಿಲ್ ಆಡಿಸಿದರು. ಶಿಕ್ಷೆಯ ವಿಚಾರದಲ್ಲಿ, ಪ್ರತಿ ಕೇಸಿನ ತೀರ್ಮಾನ ಸ್ವತಂತ್ರ ನ್ಯಾಯಾಧೀಶರದು, ಏಕರೂಪತೆಯ ಕೆಲಸ ಮಂಡಲಿಯದು ಎಂದಿತ್ತು. ಅಳತೆ ಹೇಗೆ ಎಂಬುದಕ್ಕೆ ನೇರ ಮಾತಿರಲಿಲ್ಲ. ಗ್ರ್ಯಾನಿ ಅದರ ಪಕ್ಕ ಒಂದು ಗೆರೆ ಎಳೆದರು. ಬಸ್ಸಿನ ಬಗ್ಗೆ ಪೊಲೀಸರು, ಬಸ್ಸಿನವರು ಸೇರಿ ಮಾಡುತ್ತಿರುವ ಕೆಲಸಗಳ ವಿವರವಿತ್ತು. ಕಲ್ಲು ಬೀರಿದ ಹುಡುಗರು ಸಿಗಲೇ ಇಲ್ಲ. ಆದರೆ ಮರುವಾರ ಗ್ರ್ಯಾನಿ ಸಂಜೆಯ ಬಸ್ಸು ಹತ್ತಿ ಹಾಡಿನ ಅಭ್ಯಾಸಕ್ಕೆ ಹೋದರು. ಮೊದಲ ದಿನ ಜೊತೆಗೆ ನಾನಿದ್ದೆ. ಕಿಟಕಿ ಪಕ್ಕದ ಸೀಟೇ ಬೇಕೆಂದು ಕೂತರು.

ಒಂದು ಕಾಗದದಿಂದ ಆ ಧೈರ್ಯ ಬಂತೇ ಎಂದು ನಾನೂ ಯೋಚಿಸಿದ್ದೇನೆ. ಕಾಗದದಲ್ಲಿ ಮಹಾ ಭರವಸೆಯೇನೂ ಇರಲಿಲ್ಲ. ಆದರೆ ಅವರ ಮಡಿಲಿಗೆ ಬಿದ್ದ ಗಾಜು ಸಂಖ್ಯೆ ಪಡೆದು ದಾಖಲೆಗೆ ಸೇರಿತ್ತು. ಮಂತ್ರಿಯೊಬ್ಬರು ತಮ್ಮ ಹೆಸರಿನಲ್ಲಿ ಉತ್ತರ ಕೊಡಬೇಕಾಯಿತು. ನನ್ನ ಮೇಜಿನ ಮುಂದೆ ನಿಂತಿದ್ದ ಆ ತಾಯಿಗೆ ಅಷ್ಟೂ ಸಿಕ್ಕಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನೀರು ಕಾದಿರಬೇಕು, ಹಂಡೆ ಸದ್ದು ಮಾಡುತ್ತಿದೆ. ತಮ್ಮಾ, ನಮ್ಮ ವಿಧಾನಸಭೆಯಲ್ಲೂ ಪ್ರಶ್ನೆ ಕೇಳುವ ದಾರಿಯಿದೆ. ಚುಕ್ಕೆ ಗುರುತಿನದಾದರೆ ಸದನದಲ್ಲೇ ಬಾಯಿಮಾತಿನ ಉತ್ತರ, ಅದರ ಮೇಲೆ ಉಪಪ್ರಶ್ನೆ. ಚುಕ್ಕೆ ಗುರುತಿಲ್ಲದ್ದಾದರೆ ಲಿಖಿತ ಉತ್ತರ. ಭಾನುವಾರ ನಮ್ಮ ಶಾಸಕರು ಊರಿಗೆ ಬರುತ್ತಾರಂತೆ. ಇಬ್ಬರೂ ಹೋಗೋಣ. ಹಳೇ ಅರ್ಜಿಯನ್ನು ಮತ್ತೆ ಕೊಡುವುದು ಬೇಡ. ಈ ತಾಲ್ಲೂಕಿನಲ್ಲಿ ಧರೆ ಜರಿದು ಗದ್ದೆ ಹಾಳಾದದ್ದಕ್ಕೆ ಬಂದ ಅರ್ಜಿಗಳು ಎಷ್ಟು, ಪರಿಹಾರ ಸಿಕ್ಕಿದ್ದು ಎಷ್ಟು ಜನಕ್ಕೆ, ಉಳಿದವರಿಗೆ ಯಾವ ತಾರೀಕಿನೊಳಗೆ? ಇಷ್ಟೇ ಮೂರು ಸಾಲು. ಮಗಾ, ಒಳಗಿನಿಂದ ಪೆನ್ನು ಹಾಳೆ ತಾ. ತಮ್ಮಾ, ನಿನ್ನ ಗದ್ದೆಯ ಸರ್ವೆ ನಂಬರು ಹೇಳು.