ಪೆಟ್ಟಿಗೆಯೊಳಗಿನ ಗಿಟಾರು

ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ತೀರ ಕಡಿಮೆ. ಪ್ಲಗ್ ಹಾಕದೆ ಮೀಟಿದರೆ ಕೋಣೆಯ ಆಚೆ ತುದಿಯಲ್ಲಿ ಕೂತವರಿಗೆ ಕೇಳಿಸುವುದೇ ಕಷ್ಟ. ವೀಣೆಗೆ ಕೊಡ ಹೇಗೋ ಈ ವಾದ್ಯಕ್ಕೆ ಆಂಪು, ಅಂದರೆ ಆಂಪ್ಲಿಫೈಯರ್, ಮತ್ತು ಸ್ಪೀಕರ್ ಪೆಟ್ಟಿಗೆ ಹಾಗೆ. ನಾದ ತಂತಿಯಲ್ಲಿ ಹುಟ್ಟಿದರೂ ಮೈ ಪಡೆಯುವುದು ಅಲ್ಲಿಯೇ. ವೀಣೆಯ ಕೊಡವನ್ನು ಆರಿಸುವವನು ಅದನ್ನು ಮಾಡುವವನು. ಗಿಟಾರ್ ನುಡಿಸುವವರಿಗೆ ಮಾತ್ರ ವಾದ್ಯದ ಅರ್ಧ ಮೈಯನ್ನು ತಾವೇ ಹುಡುಕಿ ಜೋಡಿಸಿಕೊಳ್ಳುವ ಭಾಗ್ಯ. ನುಡಿಸುವ ಸುಖದಷ್ಟೇ ದೊಡ್ಡ ಸುಖ ನನಗೆ ಈ ಹುಡುಕಾಟದಲ್ಲಿ ಸಿಕ್ಕಿದೆ.

ಗಿಗ್‌ಗೆಂದು ಆಂಪು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು, ಎಷ್ಟು ವಾಟ್? ನಾನು ಅದನ್ನು ಕೊನೆಯಲ್ಲಿ ಕೇಳುತ್ತೇನೆ. ನನ್ನ ಕ್ರಮದಲ್ಲಿ ಮೊದಲು ಸ್ಪೀಕರು, ಆಮೇಲೆ ಪೆಟ್ಟಿಗೆ, ಅದಾದ ಮೇಲೆ ವಾಟು. ಕಿವಿಯ ಲೆಕ್ಕ ನಮ್ಮ ಕೂಡಿಸುವ ಕಳೆಯುವ ಲೆಕ್ಕದಂತೆ ನಡೆಯುವುದಿಲ್ಲ. ವಾಟು ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್. ಸದ್ದು ಎರಡರಷ್ಟಾಯಿತು ಎಂದು ಕಿವಿ ಒಪ್ಪಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟು. ಅದೇ 3 ಡೆಸಿಬೆಲ್ಲನ್ನು ಸ್ಪೀಕರು ಪುಕ್ಕಟೆಯಾಗಿ ಕೊಡುತ್ತದೆ. ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಎಂಬ ಹನ್ನೆರಡು ಇಂಚಿನ ಸ್ಪೀಕರು ಒಂದು ವಾಟಿಗೆ, ಒಂದು ಮೀಟರ್ ದೂರದಲ್ಲಿ, 100 ಡೆಸಿಬೆಲ್ ನುಡಿಯುತ್ತದೆ. ಅದೇ ಕಂಪನಿಯ 65 ವಾಟಿನ ಕ್ರೀಮ್‌ಬ್ಯಾಕ್ 97 ನುಡಿಯುತ್ತದೆ. ಮೊದಲನೆಯದಕ್ಕೆ ಕಟ್ಟಿದ 15 ವಾಟಿನ ಆಂಪು ಎರಡನೆಯದಕ್ಕೆ ಕಟ್ಟಿದ 30 ವಾಟಿನ ಆಂಪಿನ ಸಮಕ್ಕೆ ನಿಲ್ಲುತ್ತದೆ. ವಿಂಟೇಜ್ 30ಕ್ಕೆ 15 ವಾಟ್ ಹರಿಸಿದರೆ ಸುಮಾರು 112 ಡೆಸಿಬೆಲ್. ಪಬ್ಬಿನ ವೇದಿಕೆಯಲ್ಲಿ ಡ್ರಮ್ಮರ್ ಜೊತೆ ಸರಿಸಮ ನಿಲ್ಲಲು ಅಷ್ಟು ಸಾಕು.

ಪೆಟ್ಟಿಗೆಯ ಮಹಿಮೆ ತಿಳಿಯಲು ಮಾರ್ಷಲ್ ಆಂಪಿನ ಹುಟ್ಟನ್ನು ನೋಡಬೇಕು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಮತ್ತು ಗಿಟಾರ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಅವರೊಡನೆ ಸೇರಿ 1962ರಲ್ಲಿ ಜೆಟಿಎಂ45 ಎಂಬ ಆಂಪು ಮಾಡಿದರು. ಅದರ ಸರ್ಕ್ಯೂಟು ಬಹುಪಾಲು ಅಮೆರಿಕದ ಫೆಂಡರ್ ಬ್ಯಾಸ್‌ಮನ್‌ನದು. ಬ್ಯಾಸ್‌ಮನ್ ಹಿಂಬದಿ ತೆರೆದ ಪೆಟ್ಟಿಗೆ, ಅದರಲ್ಲಿ ಹತ್ತು ಇಂಚಿನ ನಾಲ್ಕು ಸ್ಪೀಕರು. ಹ್ಯಾನ್‌ವೆಲ್‌ನವರು ಹನ್ನೆರಡು ಇಂಚಿನ ನಾಲ್ಕು ಸೆಲೆಸ್ಟಿಯನ್‌ಗಳನ್ನು ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಒಳಗೆ ವಾಲ್ವು (ವ್ಯಾಕ್ಯೂಮ್ ಟ್ಯೂಬ್), ಟ್ರಾನ್ಸ್‌ಫಾರ್ಮರುಗಳ ಬದಲಾವಣೆಯೂ ಇತ್ತು, ನಿಜ. ಆದರೂ ಎದೆಗೆ ಬಂದು ತಟ್ಟುವ ಆ ಗಟ್ಟಿ ತಳಧ್ವನಿ ಬಂದದ್ದು ಪೆಟ್ಟಿಗೆಯಿಂದ. ರಾಕ್ ಸಂಗೀತ ಆಮೇಲೆ ಹಲವು ದಶಕ ಆ ದನಿಯಲ್ಲೇ ಮಾತಾಡಿತು.

ಮುಚ್ಚಿದ ಪೆಟ್ಟಿಗೆ ನಾದವನ್ನು ಮುಂದಕ್ಕೆ ತಳ್ಳುತ್ತದೆ, ತಳಧ್ವನಿಯನ್ನು ಬಿಗಿ ಹಿಡಿಯುತ್ತದೆ. ತೆರೆದ ಪೆಟ್ಟಿಗೆ ಹಿಂದಕ್ಕೂ ಉಸಿರು ಬಿಡುವುದರಿಂದ ನಾದ ವೇದಿಕೆಯೆಲ್ಲ ಹರಡಿ ಡ್ರಮ್ಮರ್‌ಗೂ ಗಿಟಾರು ಕೇಳುತ್ತದೆ. ನನಗೆ ಎರಡೂ ಬೇಕಿತ್ತು. ಹಾಗಾಗಿ ಬೆಂಗಳೂರಿನ ಒಬ್ಬ ಬಡಗಿಯಿಂದ 18 ಮಿಲಿಮೀಟರಿನ ಬರ್ಚ್ ಪ್ಲೈವುಡ್‌ನಲ್ಲಿ ಎರಡು ಸ್ಪೀಕರಿನ ಪೆಟ್ಟಿಗೆ, ಅಂದರೆ ಕ್ಯಾಬ್, ಮಾಡಿಸಿದೆ. ಹಿಂಬದಿಯ ನಡುವಿನ ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯಬಹುದು, ಮತ್ತೆ ಹಾಕಬಹುದು. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂರಿಸಿದ ಜೋಡಣೆ; ಬೆರಳಿನಿಂದ ತಟ್ಟಿದರೆ ಎಲ್ಲೂ ಟೊಳ್ಳು ಸದ್ದಿಲ್ಲ. ಒಂದು ಬದಿಗೆ ವಿಂಟೇಜ್ 30, ಇನ್ನೊಂದು ಬದಿಗೆ ಸೆಲೆಸ್ಟಿಯನ್‌ನದೇ ಗ್ರೀನ್‌ಬ್ಯಾಕ್. ಮೊದಲನೆಯದರ ಮೇಲ್ಮಧ್ಯಮ ಸ್ವರಗಳು ಬ್ಯಾಂಡಿನ ಗದ್ದಲವನ್ನು ಸೀಳಿಕೊಂಡು ಬರುತ್ತವೆ, ಎರಡನೆಯದು ಅವುಗಳ ಅಂಚನ್ನು ಮೆತ್ತಗಾಗಿಸುತ್ತದೆ. ಎರಡೂ 16 ಓಮ್. ಸಮಾನಾಂತರವಾಗಿ ಜೋಡಿಸಿದಾಗ 8 ಓಮ್. ಹೆಡ್ಡಿನಲ್ಲೂ, ಅಂದರೆ ಸ್ಪೀಕರಿಲ್ಲದ ಬಿಡಿ ಆಂಪಿನಲ್ಲೂ, 8 ಓಮಿನ ಕಿಂಡಿಗೇ ತಂತಿ ಹೋಗಬೇಕು, ಅದೂ ಗಿಟಾರಿನ ಕೇಬಲ್ಲಲ್ಲ, ಸ್ಪೀಕರಿನ ದಪ್ಪ ಕೇಬಲ್ಲು. ಸ್ಪೀಕರು ಜೋಡಿಸದೆ ವಾಲ್ವ್ ಹೆಡ್ಡಿಗೆ ಕರೆಂಟು ಕೊಟ್ಟು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇನ್ನು ವಾಟು. ಅದು ಮುಖ್ಯವಾಗಿ ಹೇಳುವುದು ಆಂಪು ಎಷ್ಟು ಜೋರಿನವರೆಗೆ ತಿಳಿಯಾಗಿ ಇರಬಲ್ಲದು ಎಂಬುದನ್ನು. ಜಾಝ್, ಫ್ಯೂಷನ್ ನುಡಿಸುವವರಿಗೆ ಆ ತಿಳಿತನವೇ ಪ್ರಾಣ. ಅವರಿಗೆ 85 ವಾಟಿನ ಫೆಂಡರ್ ಟ್ವಿನ್ ರಿವರ್ಬ್ ಅಥವಾ ವಾಲ್ವಿಲ್ಲದ ರೋಲಂಡ್ ಜೆಸಿ-120 ಒಪ್ಪುತ್ತದೆ. 1975ರಲ್ಲಿ ಬಂದ ಆ ಜೆಸಿಯ ಎರಡು ಸ್ಪೀಕರುಗಳಿಂದ ಹೊಮ್ಮುವ ಕೋರಸ್ ಈಗಲೂ ಹಳತಾಗಿಲ್ಲ. ನಾನು ಬ್ಲೂಸ್ ಮತ್ತು ರಾಕ್ ಹಾದಿಯವನು. ನನಗೆ ಬೇಕಾದದ್ದು ಆಂಪು ತನ್ನ ಶಕ್ತಿಯ ಅಂಚಿಗೆ ಬಂದು ನಿಂತಾಗಿನ ದನಿ. ಆಗ ಮೆಲ್ಲಗೆ ಮೀಟಿದರೆ ನಾದ ತಿಳಿ, ಒತ್ತಿ ಮೀಟಿದರೆ ಅಲೆಯ ತುದಿ ದುಂಡಗಾಗಿ ಗೊಗ್ಗರಾದ ಹಾಡು. ಒತ್ತಡದ ಹೆಚ್ಚುಕಡಿಮೆಯೆಲ್ಲ ಬೆರಳ ತುದಿಯಲ್ಲಿ. 100 ವಾಟಿನ ಆಂಪು ಆ ಅಂಚು ಮುಟ್ಟುವ ಹೊತ್ತಿಗೆ ಸಣ್ಣ ಸಭಾಂಗಣದಲ್ಲಿ ಯಾರೂ ಕೂರಲಾರರು. ಎರಡು ಇಎಲ್84 ವಾಲ್ವುಗಳ ನನ್ನ 15 ವಾಟಿನ ಹೆಡ್ಡು ಸರಿಯಾದ ಹೊತ್ತಿಗೆ ಅಲ್ಲಿಗೆ ತಲುಪುತ್ತದೆ.

ಈ ಇಎಲ್84ಗೂ ನಮ್ಮೂರಿಗೂ ಹಳೆಯ ನಂಟು. ವಾಕ್ಸ್ ಎಸಿ30 ಆಂಪಿನಲ್ಲಿ ಬೀಟಲ್ಸ್ ದನಿಯನ್ನು ಮಿನುಗಿಸಿದ ಇದೇ ಜಾತಿಯ ವಾಲ್ವನ್ನು ರೇಡಿಯೊಗಳಿಗೆಂದು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುತ್ತಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಬಿಇಎಲ್ ಎಂದು ಅಚ್ಚಾದ ಹಳೆಯ ಜೋಡಿಯೊಂದು ನನ್ನ ಹೆಡ್ಡಿನಲ್ಲಿದೆ. ಒಂದು ಕಾಲಕ್ಕೆ ಯಾರದೋ ನಡುಮನೆಗೆ ವಾರ್ತೆ, ಭಾವಗೀತೆ ಕೇಳಿಸಿದ ಪೀಳಿಗೆಯ ವಾಲ್ವುಗಳು ನನ್ನ ಸೋಲೊ ನುಡಿಯುತ್ತಿವೆ ಎಂಬುದು ನನಗೆ ಹೆಮ್ಮೆ.

ವೇದಿಕೆಯಲ್ಲಿ ಕ್ಯಾಬನ್ನು ಕುರ್ಚಿಯ ಎತ್ತರಕ್ಕಾದರೂ ಏರಿಸುತ್ತೇನೆ. ಹನ್ನೆರಡು ಇಂಚಿನ ಸ್ಪೀಕರು ಮೇಲಿನ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರಕ್ಕೆ ಎಸೆಯುತ್ತದೆ. ನೆಲದಲ್ಲಿಟ್ಟರೆ ನನ್ನ ಮೊಣಕಾಲಿಗೆ ಕೇಳುವುದು ನನ್ನ ಕಿವಿಗೆ ಕೇಳದು. ನಾನು ಟ್ರೆಬಲ್ ಏರಿಸುತ್ತ ಹೋದಂತೆ ಮುಂದಿನ ಸಾಲಿನವರ ಕಿವಿ ನೋಯುತ್ತದೆ. ಏರಿಸಿಟ್ಟರೆ ಅವರೂ ನಾನೂ ಕೇಳುವುದು ಒಂದೇ ದನಿ. ಎಸ್‌ಎಂ57 ಮೈಕನ್ನು ಗ್ರೀನ್‌ಬ್ಯಾಕಿನ ನಡುಭಾಗದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ಇಟ್ಟರೆ ದೊಡ್ಡ ಸಭಾಂಗಣಕ್ಕೂ ಅದೇ ದನಿ ಹೋಗುತ್ತದೆ.

ಕೊಳ್ಳಲು ಹೊರಟವರಿಗೆ ನಾನು ಹೇಳುವುದಿಷ್ಟು. ನಿಮ್ಮ ಗಿಟಾರನ್ನೇ ಒಯ್ಯಿರಿ. ಒಂದೇ ಹೆಡ್ಡನ್ನು ಇಟ್ಟುಕೊಂಡು, ಪ್ರತಿ ಸಲ ಅದನ್ನು ಆಫ್ ಮಾಡಿ, ಬೇರೆ ಬೇರೆ ಕ್ಯಾಬಿಗೆ ಜೋಡಿಸಿ ನುಡಿಸಿ. ಆಮೇಲೆ ಗಿಟಾರನ್ನು ಗೆಳೆಯನ ಕೈಗೆ ಕೊಟ್ಟು ಹತ್ತು ಹೆಜ್ಜೆ ಹಿಂದೆ ನಿಂತು ಕೇಳಿ. ಯಾವ ಪೆಟ್ಟಿಗೆಯ ಮುಂದೆ ಇನ್ನೊಂದು ಹಾಡು ನುಡಿಸೋಣ ಎನ್ನಿಸುತ್ತದೆಯೋ ಅದು ನಿಮ್ಮದು. ವಾಟಿನ ಚೀಟಿಯನ್ನು ದುಡ್ಡು ಕೊಡುವಾಗ ಓದಿದರಾಯಿತು.