ಕ್ಯಾಮರಾದ ಬಗಲಚೀಲ

ಸಂಸ್ಕೃತದಲ್ಲಿ ಪಾತ್ರವೆಂಬ ಶಬ್ದಕ್ಕೆ ವಸ್ತುವನ್ನು ಇಟ್ಟುಕೊಳ್ಳುವ ಪಾತ್ರೆಯೆಂದು ಒಂದರ್ಥ. ದಾನಕ್ಕೂ ವಿದ್ಯೆಗೂ ಯೋಗ್ಯನಾದ ಮನುಷ್ಯನೆಂದು ಇನ್ನೊಂದರ್ಥ. ಈ ಎರಡರ ಸಂಬಂಧವು ನನಗೆ ಚೆನ್ನಾಗಿ ಮನವರಿಕೆಯಾದುದು ಪಾಠಶಾಲೆಯ ಕೋಶಗಳಿಂದಲ್ಲ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಕ್ಯಾಮರಾ ಹೊರುವದಕ್ಕೆ ಒಂದು ಬಗಲಚೀಲವನ್ನು ಅರಸುತ್ತ ತಿರುಗಿದಾಗ.

ನೌಕರಿಯಿಂದ ನಿವೃತ್ತನಾದಂದಿನಿಂದ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿರುವ ಶಾಸನಗಳ ಛಾಯಾಚಿತ್ರಗಳನ್ನು ತೆಗೆದುಕೊಳ್ಳುವದು ನನ್ನ ಹವ್ಯಾಸವಾಗಿದೆ. ಈ ನೆಲದಲ್ಲಿ ಕಲ್ಲುಗಳಿಗೇನೂ ಕೊರತೆಯಿಲ್ಲ. ರಾಷ್ಟ್ರಕೂಟರ ಮಳಖೇಡ ಇಲ್ಲಿಯೇ ಇದೆ. ಗ್ರಂಥಭಂಡಾರವನ್ನು ಕಾಯುವವರಿಗೂ ವೃತ್ತಿಯನ್ನು ಕೊಟ್ಟ ಸಂಗತಿಯನ್ನು ಸಾರುವ ೧೦೫೮ರ ಶಾಸನವು ಚಿತ್ತಾಪುರದ ಬಳಿಯ ನಾಗಾವಿಯದು. ಭೀಮಾತೀರದ ಸನ್ನತಿಯಲ್ಲಿ ೧೯೮೬ರಲ್ಲಿ ಚಂದ್ರಲಾಂಬೆಯ ಪ್ರಾಕಾರದೊಳಗಿನ ಕಾಳಿಯ ಗುಡಿಯ ಮಾಳಿಗೆ ಕುಸಿದು ಬೀಳಲಾಗಿ, ಅಲ್ಲಿ ಹಾಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡುಬಂದುದನ್ನು ವಾಚಕರು ಬಲ್ಲರು.

ಆ ಕಲ್ಲು ಕತ್ತಲೆಯಿಂದ ಬೆಳಕಿಗೆ ಬಂದಿತು. ಬೆಳಕಿನಿಂದ ಕತ್ತಲೆಗೆ ಹೋಗುವ ಕಲ್ಲುಗಳೇ ಹೆಚ್ಚು. ಕಮಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ಹನುಮಂತದೇವರ ಗುಡಿಯ ಮುಂದೆ ಒಂದು ದಾನಶಾಸನವಿತ್ತು. ಸಾಯಂಕಾಲದ ಓರೆಬಿಸಿಲಿನಲ್ಲಿ ಅದರ ಚಿತ್ರಗಳನ್ನು ತೆಗೆದುಕೊಂಡು ಬಂದೆನು. ಎಂಟು ತಿಂಗಳ ಮೇಲೆ ಮತ್ತೆ ಹೋಗಿ ನೋಡಲು, ಕಟ್ಟೆಯನ್ನು ಅಗಲಿಸುವ ಕೆಲಸದಲ್ಲಿ ಶಾಸನವು ಸಿಮೆಂಟಿನೊಳಗೆ ಸೇರಿಹೋಗಿತ್ತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ದೇವರ ಕೆಲಸವೆಂದೇ ಮಾಡಿದ್ದರು. ಊರಿನ ಹಿರಿಯರೊಬ್ಬರು ನನ್ನ ಬಳಿಯಿದ್ದ ಚಿತ್ರವನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಸರಿಪಡಿಸಿಕೊಂಡು, ಬಹಳ ಹೊತ್ತು ನೋಡಿ, “ಇದು ನಮ್ಮ ಕಲ್ಲೇ ಹೌದ್ರಿ” ಎಂದರು. ಇನ್ನು ಮೇಲೆ ಆ ಊರಿಗೆ ಉಳಿದಿರುವದು ಆ ಚಿತ್ರವೊಂದೇ. ಆ ದಿನ ಕ್ಯಾಮರಾ ಭಾರವೆಂದು ಮನೆಯ ಮಾಡದಲ್ಲಿ ಉಳಿದಿದ್ದರೆ ಅದೂ ಇರುತ್ತಿರಲಿಲ್ಲ. ಆದುದರಿಂದ ಚೀಲದ ವಿಚಾರವು ಕ್ಷುಲ್ಲಕವೆಂದು ನನಗೆ ತೋರುವದಿಲ್ಲ.

೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತು ಛಾಯಾಚಿತ್ರಗಳ ದೊಡ್ಡ ಗ್ರಂಥವೊಂದು ಪ್ರಕಟವಾಯಿತು. ಪಿಗೂ, ನೀಲ್, ಬಿಗ್ಸ್ ಎಂಬ ಆಂಗ್ಲರು ಅದರ ಚಿತ್ರಗಳನ್ನು ತೆಗೆದವರು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಒದ್ದೆ ಗಾಜಿನ ಪದ್ಧತಿಯಲ್ಲಿ ಫಲಕಕ್ಕೆ ಸ್ಥಳದಲ್ಲಿಯೇ ಮದ್ದು ಬಳಿದು, ಅದು ಆರುವದರೊಳಗೆ ಚಿತ್ರವನ್ನು ಮೂಡಿಸಬೇಕಾಗಿದ್ದಿತು; ಅದಕ್ಕೆ ಕತ್ತಲೆಯ ಗುಡಾರ, ಮದ್ದಿನ ಶೀಸೆಗಳು, ಗಾಜಿನ ಹಲಗೆಗಳು, ಅವನ್ನೆಲ್ಲ ಹೊರುವ ಆಳುಗಳು ಬೇಕು. ನನಗಿರುವದಾದರೋ ಒಂದೇ ಹೆಗಲು. ಅದೂ ನಾಲ್ಕು ಕಿಲೋಗಿಂತ ಹೆಚ್ಚು ಹೊರಕೂಡದೆಂದು ವೈದ್ಯರಿಂದ ಅಪ್ಪಣೆಯನ್ನು ಪಡೆದ ಹೆಗಲು.

ಹೀಗಿರಲು ಮೊದಲು ಸಾಮಾನುಗಳನ್ನು ತಕ್ಕಡಿಗೆ ಹಾಕಿದೆನು. ಲೆನ್ಸು ಸಹಿತ ಕ್ಯಾಮರಾ ೯೦೦ ಗ್ರಾಂ. ಸಣ್ಣ ಅಕ್ಷರಗಳಿಗಾಗಿ ಇಟ್ಟುಕೊಂಡ ಇನ್ನೊಂದು ಲೆನ್ಸು ೫೦೦. ಮಸುಕಾದ ಅಕ್ಷರಗಳ ಮೇಲೆ ಪಕ್ಕದಿಂದ ಬೆಳಕು ಚೆಲ್ಲುವ ಬ್ಯಾಟರಿ ೩೦೦. ಅಳತೆಯ ಪಟ್ಟಿ, ಕುಂಚ, ಟಿಪ್ಪಣಿಯ ಪುಸ್ತಕ ಸೇರಿ ೩೦೦. ಕುಡಿಯುವ ನೀರು ಒಂದು ಕಿಲೋ. ಒಟ್ಟು ಮೂರು ಕಿಲೋ. ಸ್ಟ್ಯಾಂಡು ಊರುಗೋಲಾಗಿ ಕೈಯಲ್ಲಿಯೇ ಬರುವದು. ಎಂದ ಮೇಲೆ ಚೀಲದ ಸ್ವಂತ ತೂಕ ಒಂದು ಕಿಲೋವನ್ನು ಮೀರಕೂಡದು. ಅಂಗಡಿಯವರು ಮೊದಲು ತೋರಿಸಿದ ಚೀಲವು ಬರಿದಾಗಿಯೇ ಎರಡು ಕಿಲೋದಷ್ಟಿತ್ತು.

“ಮಾಸ್ತರೇ, ದೊಡ್ಡದೇ ತಗೋರಿ. ನಾಳಿ ಸಾಮಾನ ಹೆಚ್ಚಾದ್ರ ಮತ್ತ ಬರಬೇಕಾಗ್ತದ.”

“ಸಾಮಾನ ಹೆಚ್ಚಾಗಬಾರದಂತಲೇ ಸಣ್ಣದು ಕೇಳ್ಲಾಕತ್ತೀನಪ್ಪ” ಎಂದೆನು.

ತೂಕವಾದ ಮೇಲೆ ಪಟ್ಟಿಯ ವಿಚಾರ. ಎರಡು ಬೆರಳಗಲದ ಪಟ್ಟಿಯು ಮೈಲಿಯೊಳಗೆ ಹೆಗಲನ್ನು ಕೊಯ್ಯುವದು. ನಾಲ್ಕು ಬೆರಳಗಲದ್ದು ಅದೇ ಭಾರವನ್ನು ಹರವಿ ಹೊರುವದು. ಅದನ್ನು ಒಂದೇ ಹೆಗಲಿಗೆ ತೂಗಹಾಕದೆ ಉಪವೀತದಂತೆ ಎದೆಗಡ್ಡವಾಗಿ ಧರಿಸಬೇಕು. ಒಂದು ಮೈಲಿ ಸವ್ಯ, ಒಂದು ಮೈಲಿ ಅಪಸವ್ಯ ಮಾಡಿಕೊಂಡರೆ ಯಾವ ಹೆಗಲೂ ದೂರುವದಿಲ್ಲ. ಪಟ್ಟಿಯು ಚೀಲಕ್ಕೆ ಕೂಡುವ ಸ್ಥಳದಲ್ಲಿ ಹೊಲಿಗೆಯು ಅಡ್ಡಡ್ಡವಾಗಿ ಎರಡು ಸಲ ಬಿದ್ದಿರಬೇಕು. ಕರಿನೆಲದ ಧೂಳು ಜಿಪ್ಪಿನ ಹಲ್ಲುಗಳಲ್ಲಿ ಸೇರಿ ಅದನ್ನು ಕೆಡಿಸುವದರಿಂದ ಮೇಲೊಂದು ಮುಚ್ಚಳದ ಸೆರಗು ಬೇಕು. ವೈಶಾಖದಲ್ಲಿ ನಮ್ಮ ಬಿಸಿಲು ನಾಲ್ವತ್ತು ಅಂಶವನ್ನು ದಾಟುವದರಿಂದ ಕಪ್ಪು ಬಣ್ಣವು ಸಲ್ಲದು.

ಇನ್ನೊಂದು ಗುಣವನ್ನು ಯಾವ ಅಂಗಡಿಯಲ್ಲಿಯೂ ಹೇಳುವದಿಲ್ಲ. ಶಾಸನವಿದ್ದಲ್ಲಿ ನಿಧಿಯಿದೆಯೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದಕ್ಕಾಗಿ ರಾತ್ರಿಯಲ್ಲಿ ಕಲ್ಲು ಕೀಳುವವರೂ ಉಂಟು. ದೊಡ್ಡ ಕರಿಯ ಚೀಲದೊಡನೆ ಅಪರಿಚಿತನೊಬ್ಬನು ಬಂದನೆಂದರೆ ಜನರ ಬಾಯಿ ಮುಚ್ಚಿಕೊಳ್ಳುವದು ಸಹಜವೇ. ಸಾದಾ ಬಟ್ಟೆಯ ಚೀಲದವನನ್ನು “ಯಾವೂರ ಮಾಸ್ತರ್ರೀ?” ಎಂದು ಕೇಳುತ್ತಾರೆ, ಚಹಾ ಕೊಡುತ್ತಾರೆ, ಹೊಲದ ಬದುವಿನಲ್ಲಿರುವ ಮತ್ತೊಂದು ಕಲ್ಲನ್ನೂ ತೋರಿಸುತ್ತಾರೆ. ಚೀಲವು ಸಾಮಾನಿಗೆ ಪಾತ್ರವಾದರೆ ಸಾಲದು; ಅದನ್ನು ಹೊತ್ತವನು ಜನರ ವಿಶ್ವಾಸಕ್ಕೆ ಪಾತ್ರನಾಗುವಂತೆಯೂ ಇರಬೇಕು.

ಕೊನೆಗೆ ಬೂದಿಬಣ್ಣದ, ೬೦೦ ಗ್ರಾಂ ತೂಕದ ಕ್ಯಾನ್ವಾಸಿನ ಚೀಲವೊಂದನ್ನು ಕೊಂಡೆನು. ಅದರೊಳಗೆ ಖಾನೆಗಳಿರಲಿಲ್ಲ. ನನ್ನ ಮನೆಯವರು ಹಳೆಯ ಕೌದಿಯೊಂದನ್ನು ಕತ್ತರಿಸಿ, ಮೂರು ಖಾನೆಗಳನ್ನು ಹೊಲಿದು ಕೊಟ್ಟರು. ಹಲವು ಪದರಿನ ಕೌದಿಯು ಲೆನ್ಸಿಗೆ ಪೆಟ್ಟಾಗದಂತೆ ಕಾಯುತ್ತದೆ. ಆದರೆ ಅರಿವೆಯು ತೇವವನ್ನು ಹಿಡಿಯುವದರಿಂದ, ಮಳೆಗಾಲದಲ್ಲಿ ಮನೆಗೆ ಬಂದ ಕೂಡಲೆ ಲೆನ್ಸುಗಳನ್ನು ಹೊರಗೆ ತೆಗೆದು ಒಣಗಿದ ಡಬ್ಬಿಯಲ್ಲಿ ಇಡಬೇಕು. ಇಲ್ಲವಾದರೆ ಗಾಜಿಗೆ ಬೂಷ್ಟು ಹಿಡಿಯುವದು.

ಚೀಲ ಕೊಳ್ಳಹೊರಟವರು ತಮ್ಮ ಸಾಮಾನುಗಳನ್ನು ಅಂಗಡಿಗೇ ಒಯ್ದು, ತುಂಬಿ, ಹೆಗಲಿಗೇರಿಸಿ, ಬಜಾರದಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ, ಆಮೇಲೆ ಬೆಲೆ ಕೇಳುವದು ಒಳ್ಳೆಯದು. ನಾನಂತೂ ಮೂರನೆಯ ಖಾನೆಯನ್ನು ಬರಿದಾಗಿ ಇಟ್ಟಿದ್ದೇನೆ. ಹೋಗುವಾಗ ತುಂಬಿದ ನೀರು ಬರುವಾಗ ಮುಗಿದಿರುತ್ತದೆ. ಕಮಲಾಪುರದ ಕಡೆಯವರು ಕೆಂಪು ಬಾಳೆಹಣ್ಣು ಕೊಡದೆ ಕಳುಹಿಸುವದಿಲ್ಲ.