ಕಡಿವಾಣ ಕಳಚುವ ಕಿಣ್ವ

ಕೆಲವು ವರ್ಷಗಳ ಹಿಂದೆ, ಆಗಮನ ಕಾಲದ ಒಂದು ಭಾನುವಾರ, ದುರಾಸೆಯನ್ನು ಕುರಿತು ಪ್ರಬೋಧನೆ ನೀಡುತ್ತಿದ್ದೆ. ನಮ್ಮ ಧರ್ಮಕೇಂದ್ರದ ಹಲವು ಕುಟುಂಬಗಳು ತಿಕೋಟಾ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ದುಡಿಯುವಂಥವು. ಕಣ್ಣೆದುರಿನ ಉದಾಹರಣೆ ಮನಸ್ಸಿಗೆ ನಾಟೀತೆಂದು ಭಾವಿಸಿ, "ಔಷಧದಲ್ಲಿ ಅದ್ದಿ ಉಬ್ಬಿಸಿದ ದ್ರಾಕ್ಷಿ ಕಣ್ಣಿಗೆ ಮಾಡುವ ಮೋಸ" ಎಂದುಬಿಟ್ಟೆ. ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಬಾಗಿಲ ಬಳಿ ನಿಂತಿದ್ದಳು. "ಫಾದರ್, ಹಂಗಾರ ನಂದು ಮೋಸದ ಕೂಲಿ ಏನ್ರಿ?" ಎಂದಳು. ಹತ್ತಾರು ವರ್ಷ ಗೊನೆ ಅದ್ದುವ ಕೆಲಸದಲ್ಲೇ ಮಕ್ಕಳನ್ನು ಓದಿಸಿದವಳು ಆಕೆ. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಎರಡು ಭಾನುವಾರ ಆಕೆ ಪೂಜೆಗೆ ಬಂದಳು, ಆದರೆ ಪರಮಪ್ರಸಾದಕ್ಕೆ ಎದ್ದು ಬರಲಿಲ್ಲ.

ಆಗ ನಾನು ತೋಟಕ್ಕೆ ಹೋದೆ. ಅಕ್ಟೋಬರ್ ಚಾಟ್ನಿ ಮುಗಿದು, ಹೂ ಉದುರಿ, ಕಾಯಿ ಜೋಳದ ಕಾಳಿನಷ್ಟಾಗಿದ್ದ ಸಮಯ. ಹೆಂಗಸರು ಸಾಲಾಗಿ ಚಪ್ಪರದ ಕೆಳಗೆ ನಡೆಯುತ್ತಾ, ಕೈಯಲ್ಲಿನ ಕಪ್ಪನ್ನು ಗೊನೆಗೆ ಎತ್ತಿ ಹಿಡಿದು, ಅದ್ದಿ, ಅಲುಗಿಸಿ, ಮುಂದಿನದಕ್ಕೆ ಹೋಗುತ್ತಿದ್ದರು. ಕತ್ತು ಮೇಲೆತ್ತಿಕೊಂಡೇ ಇಡೀ ದಿನ. ಕಪ್ಪಿನಲ್ಲಿದ್ದದ್ದು ರೈತರು 'ಜಿ.ಎ.' ಎನ್ನುವ ಜಿಬ್ಬರೆಲಿಕ್ ಆಮ್ಲ, ಒಂದು ಲೀಟರ್ ನೀರಿಗೆ ಕೆಲವೇ ಹತ್ತು ಮಿಲಿಗ್ರಾಂ. ಇಷ್ಟು ಅಲ್ಪ ವಸ್ತು ಕಾಯಿಯನ್ನು ಉಬ್ಬಿಸುವುದಾದರೂ ಹೇಗೆ? ಈ ಪ್ರಶ್ನೆಯನ್ನು ಪ್ರಬೋಧನೆಗೆ ಮೊದಲೇ ಕೇಳಿಕೊಳ್ಳಬೇಕಿತ್ತು. ಆ ಕ್ರಿಸ್ತಜಯಂತಿಯ ರಜೆಯನ್ನೆಲ್ಲ ಅದನ್ನು ಓದುವುದರಲ್ಲಿ ಕಳೆದೆ.

ಕಥೆ ಆರಂಭವಾಗುವುದು ಭತ್ತದ ಗದ್ದೆಯಲ್ಲಿ. ಸಸಿಗಳು ವಿಪರೀತ ಉದ್ದ ಬೆಳೆದು ಬಿದ್ದುಹೋಗುವ ರೋಗವೊಂದನ್ನು ತೈವಾನಿನಲ್ಲಿ ಅಭ್ಯಸಿಸುತ್ತಿದ್ದ ಜಪಾನಿನ ಕುರೊಸಾವಾ, ಶಿಲೀಂಧ್ರವೊಂದು ಸ್ರವಿಸುವ ವಸ್ತುವೇ ಅದಕ್ಕೆ ಕಾರಣವೆಂದು 1926ರಲ್ಲಿ ತೋರಿಸಿದರು. 1935ರಲ್ಲಿ ಯಾಬುತಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಆಮೇಲೆ ತಿಳಿದ ಸಂಗತಿಯೆಂದರೆ, ಇದು ಶಿಲೀಂಧ್ರದ ಸ್ವಂತ ಸೊತ್ತಲ್ಲ. ಗಿಡಗಳೂ ತಮ್ಮೊಳಗೆ ಇದನ್ನು ತಯಾರಿಸಿಕೊಳ್ಳುತ್ತವೆ. ಹಣ್ಣಿನಲ್ಲಿ ಎಳೆಯ ಬೀಜವೇ ಸುತ್ತಲಿನ ತಿರುಳಿಗೆ ಇದನ್ನು ಒದಗಿಸುವ ಮುಖ್ಯ ಮೂಲ. ನಮ್ಮ ತೋಟಗಳ ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಬೀಜ ಮೂಡುತ್ತದೆ, ಆದರೆ ಎಳೆಯದಿರುವಾಗಲೇ ಮುರುಟಿಹೋಗುತ್ತದೆ. ಬೀಜ ಕೊಡಲಾಗದೆ ಹೋದದ್ದನ್ನು ಆ ತಾಯಿಯ ಕಪ್ಪು ಕೊಡುತ್ತಿತ್ತು!

ಇನ್ನು ಒಳಗಿನ ಕೆಲಸ. ಜೀವಕೋಶದ ನಡುವಿನ ಕೋಶಕೇಂದ್ರದಲ್ಲಿ ಬೆಳವಣಿಗೆಯ ಆದೇಶಗಳೆಲ್ಲ ಬರೆದಿಟ್ಟಂತಿವೆ. ಆದರೆ 'ಡೆಲ್ಲಾ' ಎಂಬ ಪ್ರೋಟೀನುಗಳು ಅವುಗಳಿಗೆ ಕಡಿವಾಣ ಹಾಕಿ ಕುಳಿತಿರುತ್ತವೆ. ಜಿಬ್ಬರೆಲಿನ್ ಒಳಗೆ ಬಂದಾಗ ಗ್ರಾಹಕ ಪ್ರೋಟೀನೊಂದು ಅದನ್ನು ಹಿಡಿದುಕೊಂಡು ಡೆಲ್ಲಾಕ್ಕೆ ಅಂಟಿಕೊಳ್ಳುತ್ತದೆ. ಈ ಗ್ರಾಹಕವನ್ನು ನಗೋಯಾದ ವಿಜ್ಞಾನಿಗಳು 2005ರಲ್ಲಿ ಭತ್ತದಲ್ಲಿ ಗುರುತಿಸಿದರು. ಜೋಡಿಯನ್ನು ಕಂಡೊಡನೆ ಯುಬಿಕ್ವಿಟಿನ್ ಲೈಗೇಸ್ ಎಂಬ ಕಿಣ್ವ ಮುಂದೆ ಬಂದು, ಡೆಲ್ಲಾದ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿಯನ್ನು ಕಟ್ಟುತ್ತದೆ. ಮರ ಕಡಿಯುವ ಮುನ್ನ ಅರಣ್ಯದವರು ಹಾಕುವ ಗುರುತಿನಂತೆ ಇದು. ಗುರುತು ಬಿದ್ದ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಯಂತ್ರ ಚೂರುಚೂರು ಮಾಡುತ್ತದೆ. (ಈ ಗುರುತಿನ ವ್ಯವಸ್ಥೆಯನ್ನು ಕಂಡುಹಿಡಿದ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು.) ಕಡಿವಾಣ ಕಳಚಿತು, ಕೋಶ ಉದ್ದವಾಯಿತು. ಹೊರಗಿನಿಂದ ಬಂದದ್ದು ಅನುಮತಿ ಮಾತ್ರ. ಬೆಳೆಯುವ ಶಕ್ತಿ ಕಾಯಿಯೊಳಗೇ ಇತ್ತು.

ಓದುತ್ತಾ ಹೋದಂತೆ ಗ್ರೆಗರ್ ಮೆಂಡಲ್ ಎದುರಾದರು. ಗುರುಮಠದಲ್ಲಿದ್ದಾಗ ಅವರ ಹೆಸರನ್ನು ನಾವು ಹೆಮ್ಮೆಗಷ್ಟೇ ಬಳಸುತ್ತಿದ್ದೆವು. ಆ ಅಗಸ್ಟಿನಿಯನ್ ಸನ್ಯಾಸಿ 1866ರಲ್ಲಿ ವಿವರಿಸಿದ ಎತ್ತರ ಮತ್ತು ಗಿಡ್ಡ ಬಟಾಣಿಗಳ ವ್ಯತ್ಯಾಸವೂ ಇದೇ ದಾರಿಯದು: ಗಿಡ್ಡ ಬಟಾಣಿಯಲ್ಲಿ ಜಿಬ್ಬರೆಲಿನ್ನನ್ನು ಕೊನೆಯ ಹಂತದಲ್ಲಿ ಸಿದ್ಧಗೊಳಿಸುವ ಕಿಣ್ವ ದುರ್ಬಲವೆಂದು 1997ರಲ್ಲಿ ತಿಳಿದುಬಂತು.

ಹಾಗೆಂದು ಕಡಿವಾಣ ಶತ್ರುವಲ್ಲ. ನೆಲದಲ್ಲಿ ಉಪ್ಪು ಹೆಚ್ಚಾದಂಥ ಸಂಕಟದಲ್ಲಿ ಗಿಡ ಡೆಲ್ಲಾವನ್ನು ಉಳಿಸಿಕೊಂಡು ಬೆಳವಣಿಗೆಯನ್ನು ತಡೆಯುತ್ತದೆ, ಹಾಗೆ ತಡೆದುಕೊಂಡೇ ಜೀವ ಉಳಿಸಿಕೊಳ್ಳುತ್ತದೆ. ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಕಾಪಾಡಿದ ತಿಕೋಟಾದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ದ್ರಾಕ್ಷಿಯಲ್ಲೇ ಇನ್ನೊಂದು ಸೋಜಿಗವಿದೆ. ಪಿನೋ ಮ್ಯೂನಿಯೇ ಎಂಬ ತಳಿಯಿಂದ ಪಡೆದ ಗಿಡ್ಡ ಬಳ್ಳಿಯೊಂದರಲ್ಲಿ ಡೆಲ್ಲಾ ಕಳಚದಂತೆ ಮಾರ್ಪಟ್ಟಿದೆ; ಅದರಲ್ಲಿ ಕುಡಿಬಳ್ಳಿ ಬರಬೇಕಾದ ಕಡೆ ಗೊನೆ ಬರುತ್ತದೆಂದು 2002ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಅಂದರೆ ಜಿಬ್ಬರೆಲಿನ್ ಅತಿಯಾದರೆ ಮೊಗ್ಗು ಕುಡಿಬಳ್ಳಿಯ ಕಡೆಗೆ ವಾಲಿ, ಮುಂದಿನ ವರ್ಷದ ಗೊನೆಗಳೇ ಕಡಿಮೆಯಾಗಬಹುದು. ಲೆಕ್ಕ ತಪ್ಪಿದ ದುರಾಸೆಯನ್ನು ನಾನು ಖಂಡಿಸಬಹುದಿತ್ತು. ಚಾಟ್ನಿಯಾದ ಕೂಡಲೇ ಕಣ್ಣುಗಳಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಬಗ್ಗೆಯೂ ಎಚ್ಚರಿಸಬಹುದಿತ್ತು. ಅದು ನಿಜಕ್ಕೂ ವಿಷ, ಕೈಗವಸಿಲ್ಲದೆ ಮುಟ್ಟಬಾರದ್ದು. ನಾನು ಇವೆಲ್ಲವನ್ನೂ 'ಔಷಧ' ಎಂಬ ಒಂದೇ ಮಾತಿನಲ್ಲಿ ಕಟ್ಟಿ ಎಸೆದಿದ್ದೆ.

ಹೊಸ ವರ್ಷದ ಮೊದಲ ಭಾನುವಾರ ಅದೇ ಪೀಠದಿಂದ, ನಾನು ತಿಳಿಯದೆ ಮಾತನಾಡಿದೆನೆಂದು ಹೇಳಿ ಕ್ಷಮೆ ಕೇಳಿದೆ. ಆಕೆ ಅಂದು ಪರಮಪ್ರಸಾದಕ್ಕೆ ಬಂದಳು. ಮುಖದಲ್ಲಿ ವಿಶೇಷವೇನೂ ಕಾಣಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಮತ್ತೆ ತೋಟಕ್ಕೆ ಹೋದಾಗ ಆಕೆ ಎರಡು ಗೊನೆ ತಂದು ನನ್ನ ಕೈಗಿಟ್ಟಳು. ಒಂದರ ಹಣ್ಣು ಬೆರಳ ತುದಿಯಷ್ಟು ಉದ್ದ. ಇನ್ನೊಂದು ಪುಟಾಣಿ ಗುಂಡು ಹಣ್ಣಿನದು. "ಇದು ಕಪ್ಪಿಗೆ ಸಿಗದ ತಪ್ಪಿಸಿಕೊಂಡದ್ರಿ ಫಾದರ್" ಎಂದಳು. ಎರಡನ್ನೂ ತಿಂದೆ. ಸಣ್ಣದೇ ಹೆಚ್ಚು ಸಿಹಿಯೆನಿಸಿತು, ಸಂಕೋಚದಿಂದ ಸುಮ್ಮನಿದ್ದೆ. ಆಕೆಯೇ ನಕ್ಕು, "ಸಣ್ಣದ ಹೆಚ್ಚಿಗಿ ಸಿಹಿ ಐತ್ರಿ. ಆದ್ರ ಪ್ಯಾಟ್ಯಾಗ ಯಾರೂ ಕೇಳಂಗಿಲ್ರಿ" ಎಂದು ಬುಟ್ಟಿ ಎತ್ತಿಕೊಂಡು ಸಾಲಿನೊಳಗೆ ಹೋದಳು.